ಹನೋಯ್‌ನಲ್ಲಿ ರಸ್ತೆ ದಾಟುವವರು ಓಡಬಾರದು

ವಿಯೆಟ್ನಾಂ ರಾಜಧಾನಿ ಹನೋಯ್‌ನ ಹಳೇ ಪೇಟೆಯಲ್ಲಿ ಕೊಠಡಿ ಹಿಡಿಯುವ ವಿದೇಶಿಯರಿಗೆ ಹೋಟೆಲಿನವರು ಕೀಲಿಕೈ ಜೊತೆಗೆ ಒಂದು ಪಾಠವನ್ನೂ ಹೇಳಿ ಕಳಿಸುವುದುಂಟು. ರಸ್ತೆ ದಾಟುವ ಪಾಠ. ರಸ್ತೆ ಖಾಲಿಯಾಗಲಿ ಎಂದು ಕಾಯಬೇಡಿ, ಅದು ಖಾಲಿಯಾಗುವುದಿಲ್ಲ. ಒಮ್ಮೆ ಕಾಲಿಟ್ಟ ಮೇಲೆ ನಿಲ್ಲಬೇಡಿ. ಓಡಲೇಬೇಡಿ. ಏನೇ ಆಗಲಿ, ಹಿಂದಕ್ಕೆ ಹೆಜ್ಜೆ ಇಡಬೇಡಿ. ಒಂದೇ ಸಮನೆ, ನಿಧಾನವಾಗಿ ನಡೆಯುತ್ತಿರಿ. ಬೈಕಿನವರು ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ.

ಹೋವಾನ್ ಕಿಯೆಮ್ ಕೆರೆಯ ಪಕ್ಕದ ರಸ್ತೆಯಂಚಿಗೆ ಬಂದು ನಿಂತ ಕ್ಷಣಕ್ಕೆ ಈ ಪಾಠ ಪೂರ್ತಿ ಮರೆತುಹೋಗುತ್ತದೆ. ಎಡದಿಂದ ಬೈಕು, ಬಲದಿಂದ ಬೈಕು, ಎದುರಿನ ಅಡ್ಡರಸ್ತೆಯಿಂದಲೂ ಬೈಕು. ಕೈ ಕೈ ಹಿಡಿದು ಹೊರಟ ಪ್ರವಾಸಿ ದಂಪತಿ ನಡುರಸ್ತೆ ತಲುಪುವಷ್ಟರಲ್ಲಿ ಒಬ್ಬರು ಮುಂದಕ್ಕೆ ಎಳೆಯುತ್ತಾರೆ, ಇನ್ನೊಬ್ಬರು ಹಿಂದಕ್ಕೆ. ಇಬ್ಬರೂ ಅಲ್ಲೇ ಸುತ್ತುತ್ತಾರೆ. ಅವರ ಮಗ್ಗುಲಲ್ಲೇ, ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ಬುಟ್ಟಿಯಲ್ಲಿ ಹಣ್ಣು ತುಂಬಿಕೊಂಡ ಮಾರಾಟದ ಅಜ್ಜಿಯೊಬ್ಬರು ಅತ್ತಿತ್ತ ನೋಡದೆ ದಾಟಿ ಹೋಗಿ ಆಚೆ ದಡದಲ್ಲಿ ವ್ಯಾಪಾರ ಶುರುಮಾಡಿರುತ್ತಾರೆ.

2024ರಲ್ಲಿ ವಿಯೆಟ್ನಾಂಗೆ ಹೋದ ಭಾರತೀಯರು ಸುಮಾರು 5 ಲಕ್ಷ. ಅವರಲ್ಲಿ ಕನ್ನಡಿಗರೂ ಸಾಕಷ್ಟು ಮಂದಿ. ನಮ್ಮವರಿಗೆ ಟ್ರಾಫಿಕ್ ಹೊಸದಲ್ಲ. ಸಿಲ್ಕ್ ಬೋರ್ಡ್, ಕೆ.ಆರ್. ಮಾರುಕಟ್ಟೆಗಳಲ್ಲಿ ಪಳಗಿದವರು. ಆದರೆ ಆ ಅನುಭವವೇ ಹನೋಯ್‌ನಲ್ಲಿ ಕೈಕೊಡುತ್ತದೆ. ಬೆಂಗಳೂರಿನಲ್ಲಿ ರಸ್ತೆ ದಾಟುವವರು ಅಂಗೈ ಚಾಚುತ್ತಾರೆ, ಅರ್ಧಕ್ಕೆ ನಿಲ್ಲುತ್ತಾರೆ, ಸಂದು ಸಿಕ್ಕರೆ ನಾಲ್ಕು ಹೆಜ್ಜೆ ಓಡುತ್ತಾರೆ, ಬಸ್ಸು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹನೋಯ್‌ನ ಪಾಠದಲ್ಲಿ ನಿಷೇಧಿಸಿದ್ದೆಲ್ಲವೂ ಇದರೊಳಗೇ ಇದೆ. ಸಾಲದ್ದಕ್ಕೆ ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಹುಟ್ಟಿದಾಗಿನಿಂದ ಮೊದಲು ಬಲಕ್ಕೆ ನೋಡಿ ರೂಢಿಯಾದವರ ಎಡ ಮೊಣಕೈ ಪಕ್ಕದಲ್ಲೇ ಬೈಕು ಹಾದುಹೋಗುತ್ತದೆ.

ದೇಶದ ಜನಸಂಖ್ಯೆ 10 ಕೋಟಿ, ನೋಂದಣಿಯಾದ ಬೈಕುಗಳು 7 ಕೋಟಿಗೂ ಹೆಚ್ಚು. ಹನೋಯ್ ಒಂದರಲ್ಲೇ 60 ಲಕ್ಷ ದಾಟಿವೆ. ಹೋ ಚಿ ಮಿನ್ ಸಿಟಿಯಲ್ಲಿ ಇನ್ನೂ ಜಾಸ್ತಿ. ಬೆಂಗಳೂರಿನಲ್ಲೂ ವಾಹನಗಳ ಸಂಖ್ಯೆ ಕೋಟಿ ದಾಟಿದೆ, ಅದರಲ್ಲಿ ಮೂರನೇ ಎರಡು ಭಾಗ ದ್ವಿಚಕ್ರವೇ. ಆದರೆ ನಮ್ಮ ರಸ್ತೆಗಳಲ್ಲಿ ಕಾರು, ಬಸ್ಸು, ಆಟೋಗಳ ನಡುವೆ ಬೈಕುಗಳು ನುಸುಳಿಕೊಂಡು ಹೋಗುತ್ತವೆ. ಹನೋಯ್‌ನಲ್ಲಿ ರಸ್ತೆಯೇ ಬೈಕುಗಳದ್ದು. ಕಾರುಗಳೇ ಅವುಗಳ ಮಧ್ಯೆ ದಾರಿ ಹುಡುಕಿಕೊಳ್ಳಬೇಕು.

ಬೈಕು ಎಂದರೂ ಅದು ಹೆಚ್ಚಾಗಿ ನಮ್ಮ ಪಲ್ಸರ್, ಸ್ಪ್ಲೆಂಡರ್‌ಗಳ ಮಾದರಿಯದಲ್ಲ. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಮುಂದೆ ಕಾಲಿಡಲು, ಚೀಲ ಇಡಲು, ಮಗುವನ್ನು ನಿಲ್ಲಿಸಲು ತೆರವಾದ ಜಾಗ. ಕ್ಲಚ್ ಹಿಡಿ ಇಲ್ಲ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಮೂಟೆ ಎಲ್ಲವನ್ನೂ ಹೊರುವ ಟಿವಿಎಸ್ ಎಕ್ಸೆಲ್‌ನ ಸೋದರ ಸಂಬಂಧಿ ಎನ್ನಬಹುದು. ಅಲ್ಲೂ ಅದು ಹೊರದ ವಸ್ತುವಿಲ್ಲ. ಫ್ರಿಜ್ಜು, ಆಳೆತ್ತರದ ಗಾಜಿನ ಹಾಳೆ, ಬೆತ್ತದ ಪಂಜರದಲ್ಲಿ ಮಲಗಿದ ಹಂದಿ, ನೀರು ತುಂಬಿದ ನೂರಾರು ಪ್ಲಾಸ್ಟಿಕ್ ಚೀಲಗಳಲ್ಲಿ ಈಜುತ್ತಿರುವ ಬಣ್ಣದ ಮೀನು. ನೆದರ್‌ಲೆಂಡ್ಸ್ ಮೂಲದ ಛಾಯಾಗ್ರಾಹಕ ಹಾನ್ಸ್ ಕೆಂಪ್ ಈ ಹೊರೆಗಳನ್ನೇ ಹಿಂಬಾಲಿಸಿ ಒಂದಿಡೀ ಚಿತ್ರಪುಸ್ತಕ ತಂದರು. ಚಾಂದ್ರಮಾನ ಹೊಸವರ್ಷವಾದ ಟೆಟ್ ಹಬ್ಬದ ಮುನ್ನಾ ವಾರ ಹನೋಯ್‌ಗೆ ಹೋದವರು ಇನ್ನೊಂದು ಸೊಗಸು ನೋಡಬಹುದು: ಹಣ್ಣು ತುಂಬಿದ ಕುಬ್ಜ ಕಿತ್ತಳೆ ಗಿಡ, ಹೂಬಿಟ್ಟ ಪೀಚ್ ಮರಗಳು ಕುಂಡದ ಸಮೇತ ಬೈಕೇರಿ ಮನೆಮನೆಗೆ ಹೊರಟಿರುತ್ತವೆ. ಎದುರಿನಿಂದ ನೋಡಿದವರಿಗೆ ಸವಾರ ಕಾಣುವುದಿಲ್ಲ, ಮರವೇ ಸಿಗ್ನಲ್ಲಿನಲ್ಲಿ ನಿಂತಂತಿರುತ್ತದೆ. ಕಾನೂನಿನ ಪ್ರಕಾರ ಬೈಕಿನ ಹೊರೆ ಪಕ್ಕಗಳಲ್ಲಿ 30 ಸೆಂಟಿಮೀಟರ್, ಹಿಂದೆ ಅರ್ಧ ಮೀಟರ್ ಮೀರಬಾರದು. ಎತ್ತರ ನೆಲದಿಂದ ಎರಡು ಮೀಟರ್ ದಾಟಬಾರದು. ಮರಕ್ಕೆ ಇದು ಗೊತ್ತಿಲ್ಲ.

ಮಳೆ ಬಂದರೆ ಇಡೀ ಊರು ಒಂದೇ ನಿಮಿಷದಲ್ಲಿ ಬಣ್ಣ ಬದಲಿಸುತ್ತದೆ. ಸವಾರರೆಲ್ಲ ಸೀಟಿನ ಕೆಳಗಿನ ಮಳೆಗವಸು ಎಳೆದು ತಲೆಯಿಂದ ಹ್ಯಾಂಡಲ್‌ವರೆಗೆ ಹೊದ್ದುಕೊಳ್ಳುತ್ತಾರೆ. ಹೆಡ್‌ಲೈಟಿನ ಬೆಳಕು ಹೊರಬೀಳಲೆಂದು ಅದರ ಮುಂಭಾಗದಲ್ಲಿ ಪಾರದರ್ಶಕ ಕಿಟಕಿ ಹೊಲಿದಿರುತ್ತಾರೆ. ಇಬ್ಬರಿಗಾಗಿ ಎರಡು ತಲೆಯ ಕವಚವೂ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಫ್ಲೈಓವರ್ ಕೆಳಗೆ ಮಳೆ ನಿಲ್ಲಲಿ ಎಂದು ಬೈಕು ನಿಲ್ಲಿಸಿ ರಸ್ತೆಯನ್ನೇ ಕಟ್ಟುವ ನಾವು ಕಲಿಯಬೇಕಾದ ಹೊಲಿಗೆ ಇದು.

ನಡೆಯಲು ಫುಟ್‌ಪಾತ್ ಇಲ್ಲವೇ ಎಂದರೆ, ಇದೆ. ಅಲ್ಲಿ ಬೈಕುಗಳು ನಿಂತಿರುತ್ತವೆ. ಉಳಿದ ಜಾಗದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಳಿತು ಜನ ನೂಡಲ್ಸ್ ತಿನ್ನುತ್ತಿರುತ್ತಾರೆ, ತಣ್ಣನೆ ಚಹಾ ಕುಡಿಯುತ್ತಿರುತ್ತಾರೆ. ಬೈಕು ಕಾಯುವಾತ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಅದೇ ನಂಬರಿನ ಚೀಟಿ ಕೊಡುತ್ತಾನೆ. ಹೀಗಾಗಿ ನಡೆಯುವವರು ರಸ್ತೆಗಿಳಿಯಲೇಬೇಕು. ನಡೆಯುವುದೇ ಬೇಡವೆಂದು ಸೈಕ್ಲೋ ಹತ್ತುವವರ ಪಾಡು ಬೇರೆ. ನಮ್ಮ ಸೈಕಲ್ ರಿಕ್ಷಾದಲ್ಲಿ ತುಳಿಯುವವ ಮುಂದೆ, ಕೂತವರು ಹಿಂದೆ. ಸೈಕ್ಲೋದಲ್ಲಿ ತುಳಿಯುವವ ಹಿಂದೆ. ಪ್ರಯಾಣಿಕ ಅವನ ಮುಂದೆ, ಎದುರಿನ ಬೈಕುಗಳಿಗೆ ಮುಖ ಕೊಟ್ಟು ಕೂತಿರುತ್ತಾನೆ. ಬಂಪರ್ ಇರಬೇಕಾದ ಜಾಗದಲ್ಲಿ ಅವನ ಮೊಣಕಾಲುಗಳಿರುತ್ತವೆ.

ಇಷ್ಟೆಲ್ಲ ಗೊಂದಲದ ಒಳಗೆ ಒಂದು ಕ್ರಮವಿದೆ. ಹಳೇ ಪೇಟೆಯ ಬೈಕುಗಳು ಸೈಕಲ್ಲಿಗಿಂತ ತುಸುವೇ ಜೋರಾಗಿ ಓಡುತ್ತವೆ. ಅಗಲ ಕಡಿಮೆಯಾದ್ದರಿಂದ ಒಂದು ಅಡಿ ಸರಿದರೂ ಸಾಕು, ನಡೆಯುವವರಿಗೆ ದಾರಿಯಾಗುತ್ತದೆ. ಪ್ರತಿ ಸವಾರನೂ ತನ್ನ ಮುಂದಿನ ಕೆಲವೇ ಮೀಟರುಗಳನ್ನು ನೋಡುತ್ತಾ, ಎದುರಿಗಿರುವವರು ಮುಂದಿನ ಗಳಿಗೆಯಲ್ಲಿ ಎಲ್ಲಿರುತ್ತಾರೆಂದು ಅಂದಾಜಿಸಿ ಹ್ಯಾಂಡಲ್ ತಿರುಗಿಸುತ್ತಾನೆ. ಒಂದೇ ಸಮನೆ ನಡೆಯುವವರ ಲೆಕ್ಕ ಅವನಿಗೆ ಸಲೀಸು. ನಿಂತು, ಓಡಿ, ಹಿಂದೆ ಸರಿಯುವವರು ಆ ಲೆಕ್ಕ ಕೆಡಿಸುತ್ತಾರೆ, ಅವರಿಂದಾಗಿ ಹಿಂದಿನ ಹತ್ತು ಬೈಕುಗಳ ಲೆಕ್ಕವೂ ಕೆಡುತ್ತದೆ. ಹೋಟೆಲಿನವರ ಪಾಠದ ಗುಟ್ಟು ಇಷ್ಟೇ. ಹಾರ್ನ್ ಕೂಡ ಅಲ್ಲಿ ಬಹುಪಾಲು ಸಿಟ್ಟಿನ ಸದ್ದಲ್ಲ, ‘ಪಕ್ಕದಲ್ಲಿದ್ದೇನೆ’ ಎಂಬ ಸೂಚನೆ.

ಈ ಕ್ರಮ ಗಣಿತದವರನ್ನೂ ಸೆಳೆದಿದೆ. 2006ರ ಡಿಸೆಂಬರ್‌ನಲ್ಲಿ ಗಣಿತ ಶಿಕ್ಷಣದ ಅಂತರರಾಷ್ಟ್ರೀಯ ಸಮಾವೇಶವೊಂದು ಹನೋಯ್‌ನಲ್ಲಿ ನಡೆಯಿತು. ಅದಕ್ಕೆ ಬಂದವರಲ್ಲಿ ಅಮೆರಿಕದ ಎಂಐಟಿಯ ಸೆಮೌರ್ ಪ್ಯಾಪರ್ಟ್ ಒಬ್ಬರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಣಿತಜ್ಞ, ಕೃತಕ ಬುದ್ಧಿಮತ್ತೆಯ ಆದ್ಯರಲ್ಲೊಬ್ಬರು. ಮಕ್ಕಳು ಕಂಪ್ಯೂಟರ್ ಪರದೆಯ ಮೇಲೆ ಆಮೆಯೊಂದನ್ನು ನಡೆಸುತ್ತಾ ಜ್ಯಾಮಿತಿ ಕಲಿಯುವ ‘ಲೋಗೋ’ ಭಾಷೆ ರೂಪಿಸಿದ ತಂಡದವರು. ಎಂಬತ್ತರ, ತೊಂಬತ್ತರ ದಶಕಗಳಲ್ಲಿ ಬೆಂಗಳೂರಿನ ಶಾಲೆಗಳ ಕಂಪ್ಯೂಟರ್ ಕೊಠಡಿಯಲ್ಲಿ ಕೂತವರಿಗೂ ಆ ಆಮೆಯ ನೆನಪಿದ್ದೀತು. ಪ್ಯಾಪರ್ಟ್ ತಮ್ಮ ಸಹೋದ್ಯೋಗಿ ಯೂರಿ ವಿಲೆನ್ಸ್ಕಿ ಜೊತೆ ಹನೋಯ್ ಟ್ರಾಫಿಕ್ಕಿನ ಬಗ್ಗೆಯೇ ಮಾತಾಡುತ್ತಿದ್ದರು. ಯಾರೂ ಆಜ್ಞೆ ಕೊಡದೆ, ಪ್ರತಿಯೊಬ್ಬ ಸವಾರನ ಪುಟ್ಟ ಪುಟ್ಟ ನಿರ್ಧಾರಗಳಿಂದಲೇ ಮೂಡುವ ಈ ಚಲನೆಯನ್ನು ಗಣಿತದ ಮಾದರಿಯಾಗಿ ಹೇಗೆ ಬರೆಯಬಹುದು ಎಂಬುದು ಚರ್ಚೆಯ ವಿಷಯ. ಆ ದಿನಗಳಲ್ಲೇ ರಸ್ತೆ ದಾಟುವಾಗ ಬೈಕೊಂದು ಪ್ಯಾಪರ್ಟ್‌ಗೆ ಗುದ್ದಿತು. 78 ವರ್ಷದ ಅವರ ಮಿದುಳಿಗೆ ತೀವ್ರ ಪೆಟ್ಟಾಗಿ ಪ್ರಜ್ಞೆ ತಪ್ಪಿತು. ಶಸ್ತ್ರಚಿಕಿತ್ಸೆಯ ನಂತರ ಅಮೆರಿಕಕ್ಕೆ ಕರೆದೊಯ್ದರು, ವರ್ಷಗಟ್ಟಲೆ ಆರೈಕೆ ನಡೆಯಿತು. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಮೊದಲಿನಂತಾಗಲಿಲ್ಲ.

ಹನೋಯ್ ಟ್ರಾಫಿಕ್ಕನ್ನು ಕೇವಲ ತಮಾಷೆಯಾಗಿ, ಕೇವಲ ಸೋಜಿಗವಾಗಿ ಬಣ್ಣಿಸುವ ಪ್ರವಾಸಕಥನಗಳು ಈ ಜಾಗದಲ್ಲಿ ತುಸು ನಿಲ್ಲಬೇಕು. ಒಳಗೊಂದು ಕ್ರಮವಿರುವುದು ನಿಜ. ಆ ಕ್ರಮ ಸಾವಿರ ಬಾರಿ ಕಾಪಾಡುತ್ತದೆ, ಸಾವಿರದ ಒಂದನೆಯ ಬಾರಿ ತಪ್ಪುತ್ತದೆ. 2024ರಲ್ಲಿ ವಿಯೆಟ್ನಾಂನ ರಸ್ತೆ ಅಪಘಾತಗಳಲ್ಲಿ ಸುಮಾರು 11 ಸಾವಿರ ಮಂದಿ ಸತ್ತರು. ಭಾರತದಲ್ಲಿ 2022ರ ಒಂದೇ ವರ್ಷದ ಲೆಕ್ಕ 1,68,491. ಜನಸಂಖ್ಯೆಗೆ ಹೊಂದಿಸಿ ನೋಡಿದರೆ ನಮ್ಮ ಸ್ಥಿತಿ ಅವರಿಗಿಂತ ಮೇಲೇನೂ ಅಲ್ಲ.

ಇಷ್ಟೊಂದು ಬೈಕುಗಳು ಬಂದದ್ದಾದರೂ ಎಲ್ಲಿಂದ? 1980ರ ದಶಕದ ಹನೋಯ್ ಸೈಕಲ್ಲುಗಳ ಊರು. ದಕ್ಷಿಣದ ಸೈಗಾನಿಗೆ (ಇಂದಿನ ಹೋ ಚಿ ಮಿನ್ ಸಿಟಿ) ಅಮೆರಿಕದ ಯುದ್ಧದ ಕಾಲದಲ್ಲೇ, ಅರವತ್ತರ ದಶಕದಲ್ಲಿ, ಜಪಾನಿನ ಹೋಂಡಾ ಸೂಪರ್ ಕಬ್‌ಗಳು ಹಡಗಿನಲ್ಲಿ ಬಂದಿಳಿದಿದ್ದವು. ಉತ್ತರಕ್ಕೆ ಅವು ಹಬ್ಬಿದ್ದು ಯುದ್ಧ ಮುಗಿದು, 1986ರಲ್ಲಿ ‘ಡೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಶುರುವಾದ ಮೇಲೆ. ತೊಂಬತ್ತರ ದಶಕದಲ್ಲಿ ಹೋಂಡಾ ಡ್ರೀಮ್ ಇಟ್ಟುಕೊಂಡ ಮನೆಗೆ ಬೀದಿಯಲ್ಲಿ ಮರ್ಯಾದೆಯೇ ಬೇರೆ. ಅದರ ಬೆಲೆ ಹಲವು ವರ್ಷಗಳ ಸಂಬಳ. 2000ದ ಹೊತ್ತಿಗೆ ಅಗ್ಗದ ಚೀನಾ ಬೈಕುಗಳು ನುಗ್ಗಿದವು. ಅವುಗಳನ್ನು ಎದುರಿಸಲು ಹೋಂಡಾ 2002ರಲ್ಲಿ ವೇವ್ ಆಲ್ಫಾ ಎಂಬ ಕಡಿಮೆ ಬೆಲೆಯ ಮಾದರಿ ಇಳಿಸಿತು. ಬೈಕು ಬಡವರ ಕೈಗೂ ಎಟುಕಿತು, ಸೈಕಲ್ಲು ಮೂಲೆ ಸೇರಿತು.

ಊರಿನ ರಚನೆಯೂ ಬೈಕಿಗೇ ಒಪ್ಪುವಂಥದ್ದು. ಹನೋಯ್‌ನ ಮನೆಗಳಲ್ಲಿ ಎಷ್ಟೋ, ಬೀದಿಗೆ ಮೂರು ನಾಲ್ಕು ಮೀಟರ್ ಮುಖ ಮಾಡಿ ಹಿಂದಕ್ಕೆ ಉದ್ದವಾಗಿ, ಮೇಲಕ್ಕೆ ನಾಲ್ಕೈದು ಮಹಡಿಯಾಗಿ ಬೆಳೆದವು. ಅವುಗಳಿಗೆ ಹೋಗುವ ಓಣಿಗಳಲ್ಲಿ ಎದುರುಬದುರು ಬಂದ ಎರಡು ಬೈಕುಗಳೇ ಉಸಿರು ಬಿಗಿಹಿಡಿದು ದಾಟಬೇಕು. ಬಸ್ಸಿನ ಮಾತು ಬಿಡಿ, ಕಾರೂ ಒಳಗೆ ಬರದು. ರಾತ್ರಿ ಮುಂಬಾಗಿಲ ಷಟರ್ ಎತ್ತಿ ಬೈಕನ್ನು ನೇರ ನಡುಮನೆಗೇ ತಂದು, ಟಿವಿ ಪಕ್ಕ ನಿಲ್ಲಿಸುತ್ತಾರೆ. ಇಂಥ ಮನೆಯಿಂದ ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಕೆಲಸಕ್ಕೆ ಹೋಗುವ ತಾಯಿಗೆ ಬೈಕು ಬಿಟ್ಟು ಬೇರೆ ವಾಹನ ಯಾವುದಿದೆ? ಜನಕ್ಕೆ ಶಿಸ್ತಿಲ್ಲ ಎಂದು ಮೂಗು ಮುರಿಯುವವರು ಮೊದಲು ಆ ಓಣಿಯ ಅಗಲ ಅಳೆದು ನೋಡಬೇಕು.

ಶಿಸ್ತು ಬರುವುದಿಲ್ಲ ಎಂಬ ಮಾತು ಸುಳ್ಳೆಂದು ಅದೇ ಜನ ಒಂದೇ ದಿನದಲ್ಲಿ ತೋರಿಸಿಕೊಟ್ಟಿದ್ದಾರೆ. ಹೆಲ್ಮೆಟ್ಟನ್ನು ವಿಯೆಟ್ನಾಮಿಗರು ಬಹಳ ಕಾಲ ‘ಕರೆಂಟ್ ಅನ್ನದ ಪಾತ್ರೆ’ ಎಂದು ಗೇಲಿ ಮಾಡುತ್ತಿದ್ದರು. ಸೆಖೆ, ಕೂದಲು ಕೆಡುತ್ತದೆ, ಕಿವಿ ಕೇಳುವುದಿಲ್ಲ ಎಂಬ ದೂರುಗಳೆಲ್ಲ ನಮ್ಮವೇ. 1999ರಲ್ಲಿ ಶುರುವಾದ ಏಷ್ಯಾ ಇಂಜುರಿ ಪ್ರಿವೆನ್ಷನ್ ಫೌಂಡೇಷನ್ ಎಂಬ ಸಂಸ್ಥೆ ಸೆಖೆಯ ನಾಡಿಗೆ ಹೊಂದುವ ಹಗುರ ಹೆಲ್ಮೆಟ್ಟುಗಳನ್ನು ಹನೋಯ್‌ನ ಹತ್ತಿರವೇ ತಯಾರಿಸತೊಡಗಿತು. 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ, ಸವಾರರಿಗೂ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವೆಂದು ಸರ್ಕಾರ ಸಾರಿತು. ಹಿಂದಿನ ದಿನ ಬರಿದಲೆಯಲ್ಲಿದ್ದ ಊರು ಮರುದಿನ ಹೆಲ್ಮೆಟ್ ತೊಟ್ಟು ರಸ್ತೆಗೆ ಬಂತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಲೆಗಳ ಮೇಲೆ ಅದು ಕಂಡಿತು. 20 ಆಸ್ಪತ್ರೆಗಳ ದಾಖಲೆ ನೋಡಿದ ಅಧ್ಯಯನದ ಪ್ರಕಾರ, ಕಾನೂನು ಬಂದ ಬಳಿಕ ಅಪಘಾತದಲ್ಲಿ ತಲೆಗೆ ಪೆಟ್ಟಾಗುವ ಸಂಭವ ಶೇ 16ರಷ್ಟು, ಸಾವಿನ ಸಂಭವ ಶೇ 18ರಷ್ಟು ತಗ್ಗಿತು.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಇಂದಿಗೂ ಅದನ್ನು ಮೊಣಕೈಗೆ ತೂಗುಹಾಕಿಕೊಂಡು, ಪೊಲೀಸರು ಕಂಡಾಗ ತಲೆಗೇರಿಸುವವರಿದ್ದಾರೆ. ನಿಯಮ ಎಲ್ಲರಿಗೂ ಒಂದೇ ದಿನ, ಎಲ್ಲ ರಸ್ತೆಗಳಲ್ಲೂ, ಮೊದಲೇ ಸಾಕಷ್ಟು ತಿಳಿಸಿ ಜಾರಿಯಾದರೆ ಪಾಲನೆ ತಾನಾಗಿ ಹೆಚ್ಚುತ್ತದೆ ಎಂಬುದಕ್ಕೆ ವಿಯೆಟ್ನಾಂ ನಮ್ಮ ಕಣ್ಣೆದುರಿಗಿದೆ. ಅಲ್ಲೂ ತೆಳು ಪ್ಲಾಸ್ಟಿಕ್ಕಿನ ನಕಲಿ ಟೊಪ್ಪಿಗಳ ಕಾಟ ನಿಂತಿಲ್ಲ, ಅದು ನಿಜ.

ಹೆಲ್ಮೆಟ್ ಕಾನೂನಿನ ನಂತರ ಎರಡನೆಯ ದೊಡ್ಡ ಬದಲಾವಣೆ 2025ರ ಜನವರಿ 1ರಂದು ಬಂತು. ಹೊಸ ಆದೇಶದ ಪ್ರಕಾರ ಕೆಂಪು ದೀಪ ದಾಟಿದ ಬೈಕಿಗೆ ದಂಡ 40ರಿಂದ 60 ಲಕ್ಷ ಡಾಂಗ್, ಅಂದರೆ ಹೆಚ್ಚುಕಡಿಮೆ 13ರಿಂದ 20 ಸಾವಿರ ರೂಪಾಯಿ. ಮೊದಲು ಅದು ಹೆಚ್ಚೆಂದರೆ 10 ಲಕ್ಷ ಡಾಂಗ್ ಇತ್ತು. ಫುಟ್‌ಪಾತ್ ಮೇಲೆ ಬೈಕು ಓಡಿಸಿದರೂ ಅಷ್ಟೇ ದಂಡ. ಕಾರಿನವರು ಕೆಂಪು ದೀಪ ದಾಟಿದರೆ 2 ಕೋಟಿ ಡಾಂಗ್‌ವರೆಗೆ ತೆರಬೇಕು. ಉಲ್ಲಂಘನೆಯ ಸುಳಿವು ಕೊಟ್ಟವರಿಗೆ ದಂಡದ ಶೇ 10ರವರೆಗೆ ಬಹುಮಾನವೂ ಉಂಟು. ದುಡಿಯುವವರ ತಿಂಗಳ ಸರಾಸರಿ ಆದಾಯ 2024ರಲ್ಲಿ 77 ಲಕ್ಷ ಡಾಂಗ್ ಆಸುಪಾಸಿನಲ್ಲಿದ್ದ ದೇಶದಲ್ಲಿ ಬೈಕಿನ ದಂಡವೆಂದರೆ ಒಂದು ಕೆಂಪು ದೀಪಕ್ಕೆ ಅರ್ಧ ತಿಂಗಳಿಗೂ ಮೀರಿದ ಗಳಿಕೆ.

ಜನ ನಿಂತರು. ಗೆರೆಯ ಹಿಂದೆ, ಸಾಲಾಗಿ. ಫುಟ್‌ಪಾತ್ ಹತ್ತುವುದು ನಿಂತಿತು, ಕೆಂಪು ದೀಪವಿದ್ದಾಗ ಬಲಕ್ಕೆ ಸದ್ದಿಲ್ಲದೆ ತಿರುಗುವುದೂ ನಿಂತಿತು. ಅದರ ಬೆನ್ನಿಗೇ, ಟೆಟ್ ಹಬ್ಬದ ಮುನ್ನಿನ ಆ ವಾರಗಳಲ್ಲಿ, ಊರೆಲ್ಲ ಜಾಮ್ ಆಯಿತು. ಇಷ್ಟು ದಿನ ನಗರದ ಟ್ರಾಫಿಕ್ ಸಾಗುತ್ತಿದ್ದದ್ದು ಈ ಸಣ್ಣ ಸಣ್ಣ ಉಲ್ಲಂಘನೆಗಳ ಬಲದಿಂದಲೇ ಎಂಬುದು ಎಲ್ಲರಿಗೂ ಕಂಡಿತು. ಆಂಬುಲೆನ್ಸಿಗೆ ದಾರಿ ಬಿಡಲು ಗೆರೆ ದಾಟಿದರೂ ದಂಡ ಬೀಳುತ್ತದೆಯೇ ಎಂದು ಜನ ಹೆದರಿದರು. ಇಲ್ಲ ಎಂದು ಅಧಿಕಾರಿಗಳು ಸ್ಪಷ್ಟಪಡಿಸಬೇಕಾಯಿತು. ಹೋ ಚಿ ಮಿನ್ ಸಿಟಿಯಲ್ಲಿ ಬೈಕಿನವರು ಬಲಕ್ಕೆ ತಿರುಗಲು ಹೊಸ ಬಾಣದ ದೀಪಗಳನ್ನು ತರಾತುರಿಯಲ್ಲಿ ಹಾಕಿದರು. ದಂಡ ಏರಿಸುವ ಮೊದಲೇ ಆ ದೀಪಗಳು ಬಂದಿದ್ದರೆ ಜನರ ಪಾಡು ಎಷ್ಟೋ ಹಗುರವಾಗುತ್ತಿತ್ತು.

ಈ ನಡುವೆ ಕಾರುಗಳು ಹೆಚ್ಚುತ್ತಿವೆ, ಹನೋಯ್‌ನ ನಿಜವಾದ ಆತಂಕ ಅದು. ನಿಲ್ಲದೆ ನಡೆಯಿರಿ ಎನ್ನುವ ಹೋಟೆಲಿನವರೇ ಕೊನೆಗೊಂದು ಮಾತು ಸೇರಿಸುತ್ತಾರೆ: ಬಸ್ಸು, ಕಾರು ಬಂದರೆ ಮಾತ್ರ ನಿಂತುಬಿಡಿ. ಕಾರು ಒಂದಡಿ ಸರಿದು ದಾರಿ ಕೊಡಲಾರದು. ಬೈಕುಗಳು ತಮ್ಮ ತಮ್ಮಲ್ಲಿ ಹೊಂದಿಸಿಕೊಂಡ ಲೆಕ್ಕಕ್ಕೆ ಕಾರು ಸೇರುವುದೇ ಇಲ್ಲ. ಒಬ್ಬನೇ ಕೂತ ಕಾರು ನಾಲ್ಕೈದು ಬೈಕಿನ ಜಾಗ ಹಿಡಿದು ಓಣಿಯ ಬಾಯಲ್ಲಿ ನಿಂತರೆ ಹಿಂದಿನ ಓಣಿಗಳೆಲ್ಲ ಕಟ್ಟಿಕೊಳ್ಳುತ್ತವೆ.

ಇದಕ್ಕೆ ಪರಿಹಾರವಾಗಬೇಕಿದ್ದ ಮೆಟ್ರೋ ನಿಧಾನವಾಗಿ ಬಂತು. ಹನೋಯ್‌ನ ಮೊದಲ ಮಾರ್ಗದ, ಕ್ಯಾಟ್ ಲಿನ್‌ನಿಂದ ಹಾ ಡಾಂಗ್‌ವರೆಗಿನ 13 ಕಿಲೋಮೀಟರಿನ, ಕಾಮಗಾರಿ ಶುರುವಾದದ್ದು 2011ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಬೆಂಗಳೂರಿನಲ್ಲಿ ನಮ್ಮ ಮೆಟ್ರೋದ ಮೊದಲ ರೈಲು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿತು. ಹನೋಯ್‌ನ ಜನ ತಮ್ಮ ಮೊದಲ ಮೆಟ್ರೋ ಹತ್ತಲು 2021ರ ನವೆಂಬರ್‌ವರೆಗೆ ಕಾದರು. ಹೋ ಚಿ ಮಿನ್ ಸಿಟಿಯ ಮೊದಲ ಮಾರ್ಗ ಬಂದದ್ದು 2024ರ ಡಿಸೆಂಬರ್ 22ಕ್ಕೆ.

ಮೆಟ್ರೋ ಜಾಲ ಇನ್ನೂ ಎಳೆಯದಿರುವಾಗಲೇ, 2025ರ ಜುಲೈನಲ್ಲಿ ಪ್ರಧಾನಿಯ ನಿರ್ದೇಶನವೊಂದು ಹೊರಟಿತು. ಹನೋಯ್‌ನ ಒಳ ವರ್ತುಲ ರಸ್ತೆಯೊಳಗೆ 2026ರ ಜುಲೈ 1ರ ಹೊತ್ತಿಗೆ ಪೆಟ್ರೋಲ್ ಬೈಕುಗಳು ಓಡದಂತೆ ಮಾಡಬೇಕು. 2028ರಿಂದ ನಿರ್ಬಂಧ ಎರಡನೆಯ ವರ್ತುಲಕ್ಕೂ ಹಬ್ಬಬೇಕು, ಪೆಟ್ರೋಲ್ ಕಾರುಗಳಿಗೂ ಮಿತಿ ಬೀಳಬೇಕು. ಉದ್ದೇಶ ಒಳ್ಳೆಯದೇ. ಚಳಿಗಾಲದಲ್ಲಿ ಹನೋಯ್‌ನ ಗಾಳಿ ಜಗತ್ತಿನ ಅತಿ ಕೆಟ್ಟ ಗಾಳಿಯ ಪಟ್ಟಿಯಲ್ಲಿ ಆಗಾಗ ಮೇಲೇರುತ್ತದೆ, ಮಕ್ಕಳು ಆ ಗಾಳಿಯನ್ನೇ ಕುಡಿದು ಬೆಳೆಯುತ್ತಿದ್ದಾರೆ. ಆದರೆ ಮೊದಲ ಗಡುವು ಬೈಕಿಗೆ, ಕಾರಿಗೆ ಆಮೇಲೆ ಎಂಬ ಕ್ರಮ ಸರಿಯಲ್ಲ. ಗ್ರ್ಯಾಬ್ ಎಂಬ ಆ್ಯಪ್ ಕಂಪನಿಯ ಹಸಿರು ಅಂಗಿ ತೊಟ್ಟು ದಿನವಿಡೀ ಊಟ, ಪಾರ್ಸೆಲ್ ಹೊರುವ ಯುವಕನ ಹೊಟ್ಟೆಪಾಡು ಅವನ ಹಳೇ ವೇವ್ ಆಲ್ಫಾದ ಮೇಲೆ ನಿಂತಿದೆ. ಹೊಸ ಎಲೆಕ್ಟ್ರಿಕ್ ಬೈಕಿಗೆ ಅವನು ಸಾಲ ಮಾಡಬೇಕು.

ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಚಾರ್ಜ್ ಮಾಡುವುದೆಲ್ಲಿ? 2023ರ ಸೆಪ್ಟೆಂಬರ್‌ನ ಒಂದು ರಾತ್ರಿ ಹನೋಯ್‌ನ ಓಣಿಯೊಳಗಿನ ಅಪಾರ್ಟ್‌ಮೆಂಟಿನಲ್ಲಿ, ಬೈಕುಗಳನ್ನು ನಿಲ್ಲಿಸಿದ್ದ ನೆಲಮಹಡಿಯಿಂದ ಬೆಂಕಿ ಎದ್ದು 56 ಜನ ಸತ್ತರು. ಓಣಿ ಕಿರಿದಾಗಿ ಅಗ್ನಿಶಾಮಕ ವಾಹನ ಬುಡದವರೆಗೆ ಹೋಗಲಾಗಲಿಲ್ಲ. ಆ ದುರಂತದ ಬಳಿಕ ಎಷ್ಟೋ ಕಟ್ಟಡಗಳ ಮಾಲೀಕರು ಬ್ಯಾಟರಿ ಬೈಕನ್ನು ಒಳಗೆ ಚಾರ್ಜ್ ಮಾಡಲು ಬಿಡುತ್ತಿಲ್ಲ. ನಡುಮನೆಯಲ್ಲಿ ಟಿವಿ ಪಕ್ಕ ಬೈಕು ನಿಲ್ಲಿಸುವ ಕುಟುಂಬಕ್ಕೆ ಓಣಿಯ ಬಾಯಲ್ಲೇ, ನಡೆದುಹೋಗುವ ದೂರದಲ್ಲಿ, ಬ್ಯಾಟರಿ ಬದಲಿಸಿಕೊಳ್ಳುವ ಕೇಂದ್ರ ಬೇಕು. ಪೆಟ್ರೋಲ್ ಬೈಕು ನಿಲ್ಲಿಸುವ ದಿನಾಂಕ ಗೊತ್ತುಮಾಡಿದವರು ಆ ಕೇಂದ್ರಗಳ ದಿನಾಂಕವನ್ನೂ, ಜಾಗವನ್ನೂ ಓಣಿ ಓಣಿಯ ಹೆಸರು ಹಿಡಿದು ಹೇಳಬೇಕಾಗಿದೆ.